ಹಿಂದುಳಿದವರ ಅರಸು: ಕಲ್ಲಹಳ್ಳಿಯ ಶ್ರೀ ಡಿ. ದೇವರಾಜ ಅರಸರು

ಬೆಟ್ಟದಪುರದ ಶ್ರೀ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ದರ್ಶನ ಮುಗಿಸಿ ಬೆಟ್ಟದ ಮೇಲೆ ನಿಂತ ಭಕ್ತಾದಿಗಳಿಗೆ ಕೆಳಗೆ ದೊಡ್ಡ ಸೀಮೆಯೇ ಹರಡಿಕೊಂಡಿರುತ್ತದೆ. ದಕ್ಷಿಣಕ್ಕೆ ಪಿರಿಯಾಪಟ್ಟಣ, ಪೂರ್ವಕ್ಕೆ ಕೃಷ್ಣರಾಜನಗರ, ಇವೆರಡರ ನಡುವಿನ ದಿಕ್ಕಿಗೆ ಹುಣಸೂರು, ಅದರಾಚೆ ಕಾಡಂಚಿನ ಹೆಗ್ಗಡದೇವನಕೋಟೆ. ಹೊಗೆಸೊಪ್ಪು, ರಾಗಿ, ಭತ್ತ ಬೆಳೆಯುವ ಈ ಸೀಮೆ ನಾಡಿಗೆ ಒಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿದೆ. ಬೆಟ್ಟಕ್ಕೆ ಬರುವ ಎಷ್ಟೋ ಕುಟುಂಬಗಳಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಸರ್ಕಾರಿ ಸಂಬಳ ಎಣಿಸಿದವರು ಅವರ ಕಾಲದಿಂದೀಚಿನವರೇ. ಆದ್ದರಿಂದ ಅವರ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಕೊಟ್ಟಿದೆ.

ದೇವರಾಜ ಅರಸರು ಜನಿಸಿದ್ದು 1915ರ ಆಗಸ್ಟ್ 20ರಂದು. ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಸೂಪಶಾಸ್ತ್ರವೆಂಬ ಅಡುಗೆಯ ಗ್ರಂಥ ಬರೆದ ಮೂರನೇ ಮಂಗರಸನೂ ಕಲ್ಲಹಳ್ಳಿಯವನೇ. ತಂದೆಯ ಹೆಸರೂ ದೇವರಾಜ ಅರಸು, ತಾಯಿ ದೇವೀರಮ್ಮಣ್ಣಿ. ತಮ್ಮ ಕೆಂಪರಾಜ ಅರಸು ಮುಂದೆ ಸಿನಿಮಾ ನಟ, ನಿರ್ದೇಶಕರಾಗಿ ಹೆಸರು ಮಾಡಿದರು.

ಅರಸು ಅಂದ ಕೂಡಲೇ ಭಾರಿ ಶ್ರೀಮಂತರು ಅಂತ ತಿಳಿಯುವವರುಂಟು. ಅರಮನೆಯ ನೆಂಟಸ್ತಿಕೆ ಇದ್ದ ಜನಾಂಗ ಎಂಬುದು ನಿಜ. ಆದರೆ ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದ ಅರಸು ಮನೆತನಗಳು ಬಹಳ. ಇಡೀ ರಾಜ್ಯದ ಲೆಕ್ಕದಲ್ಲಿ ಅವರ ಸಂಖ್ಯೆಯಂತೂ ತೀರಾ ಕಡಿಮೆ. ಕೂರಿಸಿ ಮಾತಾಡಿಸುವ ಗೌರವ ಇತ್ತು, ಓಟಿನ ಬಲ ಇರಲಿಲ್ಲ. ಮನುಷ್ಯ ಒಂದರಲ್ಲಿ ಮುಂದಿದ್ದು ಇನ್ನೊಂದರಲ್ಲಿ ಹಿಂದೆ ಬೀಳುವುದು ಹೇಗೆ ಅನ್ನೋದಕ್ಕೆ ಅವರ ಮನೆತನವೇ ಸಾಕ್ಷಿ.

ಹಿಂದುಳಿದವರ ಪ್ರಶ್ನೆ ಮೈಸೂರು ಸೀಮೆಗೆ ಹೊಸದೇನಲ್ಲ. ಕೃಷ್ಣರಾಜನಗರಕ್ಕೆ ಯಾರ ಹೆಸರಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ, ಸರ್ಕಾರಿ ನೌಕರಿಯಲ್ಲಿ ಎಲ್ಲ ಜಾತಿಯವರಿಗೂ ಪಾಲು ಸಿಗುವುದು ಹೇಗೆಂದು ನೋಡಲು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಆಗ ಅರಸರಿನ್ನೂ ಮೂರು ವರ್ಷದ ಕೂಸು.

ಅರಸರ ಓದು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಬಿ.ಎಸ್ಸಿ. ಪದವಿ ಪಡೆದರೂ ನೌಕರಿ ಹುಡುಕದೆ ಊರಿಗೆ ವಾಪಸ್ಸು ಬಂದು ಬೇಸಾಯಕ್ಕೆ ನಿಂತರು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನ, ಹಾಸಿಗೆ ಸಿಕ್ಕರೆ ಓದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಹುಣಸೂರಿನ ಜನ ಮತ್ತೆ ಮತ್ತೆ ಕೈ ಹಿಡಿದರು, ಮಂತ್ರಿಯೂ ಆದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ನಾಯಕರೆಲ್ಲ ಒಂದು ಕಡೆ ಹೋದರು. ಅರಸರು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ಚುನಾವಣೆಯಲ್ಲಿ ಸಣ್ಣಪುಟ್ಟ ಜಾತಿಗಳವರಿಗೂ ಟಿಕೆಟ್ ಸಿಕ್ಕಿತು. 216 ಸ್ಥಾನಗಳಲ್ಲಿ 165 ಗೆದ್ದು ಬಂದವು. ಅದೇ ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಯಾದರು. ಅದುವರೆಗೆ ಆ ಕುರ್ಚಿಯಲ್ಲಿ ಕೂತವರೆಲ್ಲ ಒಕ್ಕಲಿಗರು ಇಲ್ಲವೇ ಲಿಂಗಾಯಿತರು. ಎರಡೂ ಅಲ್ಲದವರು ಕೂತದ್ದು ಅದೇ ಮೊದಲು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದೂ ಅವರ ಆಡಳಿತದಲ್ಲೇ.

ಆ ಕಾಲದ ಬಡವನ ಸ್ಥಿತಿ ಹೇಗಿತ್ತು ಅಂದ್ರೆ, ಕಷ್ಟ ಒಂದೇ ಆಗಿರಲಿಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಗೇಣಿಗೆ ಹೊಲ ಮಾಡುವವನ ಹೆಸರಿನಲ್ಲಿ ಪಹಣಿ ಇಲ್ಲ. ಪಹಣಿ ಇಲ್ಲದವನಿಗೆ ಸೊಸೈಟಿ ಸಾಲ ಇಲ್ಲ. ಸಾಹುಕಾರನ ಹತ್ತಿರ ಹೋದರೆ ಬಡ್ಡಿ, ಬಡ್ಡಿ ತೀರದಿದ್ದರೆ ಮಗ ಜೀತಕ್ಕೆ. ದನ ಕಾಯುವ ಹುಡುಗ ಎಸ್.ಎಸ್.ಎಲ್.ಸಿ. ಪಾಸಾಗುವುದುಂಟೆ? ಪಾಸಾದವರು ಇಲ್ಲದ ಜಾತಿಯಿಂದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನೂ ಇರುವುದಿಲ್ಲ. ತಮ್ಮವರು ಯಾರೂ ಇಲ್ಲದ ಕಚೇರಿಯಲ್ಲಿ ಪಹಣಿಗೆ ಹೆಸರು ಏರಿಸುವವರು ಯಾರು? ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತ ಹಾಗಾಯಿತು. ಅರಸರ ಸರ್ಕಾರದ ವಿಶೇಷವೆಂದರೆ ಈ ಗಂಟನ್ನು ಒಂದೇ ತುದಿಯಿಂದ ಬಿಚ್ಚಲು ಹೋಗಲಿಲ್ಲ.

ಮೊದಲು ಯಾರು ಎಷ್ಟು ಹಿಂದೆ ಇದ್ದಾರೆ ಎಂಬ ಲೆಕ್ಕ. 1972ರ ಆಗಸ್ಟ್‌ನಲ್ಲಿ ರಾಣೆಬೆನ್ನೂರಿನ ವಕೀಲ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚನೆಯಾಯಿತು. ಜಾತಿಯ ಹೆಸರು ಬರೆದುಕೊಂಡು ಪಟ್ಟಿ ಕೊಟ್ಟು ಕೈ ತೊಳೆದುಕೊಂಡ ಆಯೋಗ ಇದಲ್ಲ. ಹಳ್ಳಿ, ಪಟ್ಟಣ ಸುತ್ತಿ ಸಮೀಕ್ಷೆ ಮಾಡಿತು, 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾವ ಜಾತಿಯವರು ಎಷ್ಟು ಮಂದಿ ಪಾಸಾದರು ಅಂತ ಎಣಿಸಿತು, ಸರ್ಕಾರಿ ನೌಕರಿಯಲ್ಲಿ ಯಾರೆಷ್ಟು ಅಂತಲೂ ನೋಡಿತು. ಓದಿನಲ್ಲಿ ರಾಜ್ಯದ ಸರಾಸರಿಗಿಂತ ಕೆಳಗಿದ್ದರೂ ಅದರ ಅರ್ಧಕ್ಕಿಂತ ಕೆಳಗೆ ಇಳಿಯದವರನ್ನು ಒಂದು ಗುಂಪಿಗೂ, ಅರ್ಧವನ್ನೂ ಮುಟ್ಟದವರನ್ನು ಬೇರೆ ಗುಂಪುಗಳಿಗೂ ಸೇರಿಸಿತು. ಬಲವುಳ್ಳವನ ಜೊತೆ ಬಲವಿಲ್ಲದವನನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಬಲವುಳ್ಳವನೇ ಉಂಡು ಏಳುತ್ತಾನಲ್ಲ, ಅದಕ್ಕೆ. 1975ರ ನವೆಂಬರ್‌ನಲ್ಲಿ ವರದಿ ಬಂತು. ಹಿಂದುಳಿದ ಸಮುದಾಯಗಳಿಗೆ ಶೇ. 16, ಹಿಂದುಳಿದ ಜಾತಿಗಳಿಗೆ ಶೇ. 10, ಹಿಂದುಳಿದ ಬುಡಕಟ್ಟುಗಳಿಗೆ ಶೇ. 6 ಮೀಸಲಾತಿ ಇರಲಿ ಎಂದಿತು. ಪಟ್ಟಿಯಲ್ಲಿ ಹೆಸರಿಲ್ಲದವರಿಂದ ದೊಡ್ಡ ವಿರೋಧವೇ ಎದ್ದಿತು. 1977ರಲ್ಲಿ ಸರ್ಕಾರ ಕೆಲವು ಬದಲಾವಣೆ ಮಾಡಿ ಆದೇಶ ಹೊರಡಿಸಿತು. ಜಾತಿ ನೋಡದೆ ಆದಾಯ ಮತ್ತು ಕಸುಬು ನೋಡಿ ಸೇರಿಸುವ ವಿಶೇಷ ಗುಂಪನ್ನೂ ಅದರಲ್ಲಿ ಇಟ್ಟಿತು. ದೆಹಲಿಯ ಮಂಡಲ್ ಆಯೋಗದ ವರದಿ ಬಂದದ್ದು ಇದಾದ ಮೇಲೆ, 1980ರಲ್ಲಿ.

ಇನ್ನೊಂದು ತುದಿ ಭೂಮಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿ ಜಮೀನೆಲ್ಲ ಸರ್ಕಾರದ ವಶವಾಗಿ ಉಳುವವನೇ ಒಡೆಯ ಎಂದಾಯಿತು. ಇದನ್ನು ತೀರ್ಮಾನಿಸಲು ಭೂ ನ್ಯಾಯಮಂಡಳಿಗಳು ಬಂದವು. ಪರಿಶಿಷ್ಟ ಜಾತಿ ಅಥವಾ ಪಂಗಡದ ಸದಸ್ಯರೊಬ್ಬರು ಅಲ್ಲಿ ಇರಲೇಬೇಕು, ವಕೀಲರು ವಾದ ಮಾಡುವ ಹಾಗಿಲ್ಲ. ದುಡ್ಡಿದ್ದವನು ದೊಡ್ಡ ವಕೀಲನನ್ನು ಕರೆತಂದು ಗೇಣಿದಾರನ ಬಾಯಿ ಮುಚ್ಚಿಸುವುದು ಹಂಗಾಗಿ ತಪ್ಪಿತು. ಎಂಟು ಲಕ್ಷದಷ್ಟು ಅರ್ಜಿಗಳು ಬಿದ್ದವು. ಇದರ ಲಾಭ ಕರಾವಳಿ, ಮಲೆನಾಡಿನಲ್ಲಿ ಹೆಚ್ಚು, ಏಕೆಂದರೆ ಗೇಣಿ ಇದ್ದದ್ದೂ ಅಲ್ಲೇ ಹೆಚ್ಚು. 1976ರ ಋಣ ಪರಿಹಾರ ಕಾಯ್ದೆಯಿಂದ ಸಣ್ಣ ರೈತರು, ಕೂಲಿಯವರು ಸಾಲದಿಂದ ಬಿಡುಗಡೆ ಪಡೆದರು. ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು.

ಎಲ್ಲರಿಗೂ ಎಲ್ಲವೂ ದಕ್ಕಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಗೇಣಿದಾರನಲ್ಲದ ಬರೀ ಕೂಲಿಯವನಿಗೆ ನ್ಯಾಯಮಂಡಳಿಯಲ್ಲಿ ಹಾಕಲು ಅರ್ಜಿಯೇ ಇರಲಿಲ್ಲ. ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯ 1974ರಲ್ಲಿ ಮುಗಿದು ಕಾಡು, ಹಳ್ಳಿಗಳು ಮುಳುಗಿದಾಗ ಜೇನುಕುರುಬರು ನೆಲೆ ತಪ್ಪಿದರು. ಕಾಡಿನಲ್ಲಿ ಬಾಳಿದವರಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಅರಸರ ಸ್ವಂತ ಸೀಮೆಯಲ್ಲೇ ಎಲ್ಲರಿಗಿಂತ ಹಿಂದಿದ್ದವರಿಗೆ ಆ ಕಾನೂನಿನ ನೆರಳು ಬೀಳಲಿಲ್ಲ. ಅಲ್ಲದೆ 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಇಲ್ಲೂ ವಿರೋಧಿಗಳು ಜೈಲು ಸೇರಿದರು. ಭ್ರಷ್ಟಾಚಾರದ ಆರೋಪಗಳ ಮೇಲೆ 1977ರಲ್ಲಿ ಕೇಂದ್ರ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. ಅದೇ ಡಿಸೆಂಬರ್ 31ರಂದು ಅರಸರ ಸರ್ಕಾರ ಹೋಯಿತು.

ಆದರೂ ಜನ ಬಿಡಲಿಲ್ಲ. 1978ರ ಫೆಬ್ರವರಿಯಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಆ ವರ್ಷದ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದು ಹೋದದ್ದೂ ಅರಸರ ರಾಜ್ಯದಿಂದಲೇ. ಮರುವರ್ಷವೇ ಇಬ್ಬರಿಗೂ ಮುರಿದುಬಿತ್ತು. ಅರಸರು ಬೇರೆ ಪಕ್ಷವಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಅವರ ಪಾಲಾದವು, ಅರಸರ ಪಕ್ಷಕ್ಕೆ ಒಂದೂ ಇಲ್ಲ. ಅವರಿಂದ ಮೇಲೆ ಬಂದ ಶಾಸಕರೇ ಸಾಲಾಗಿ ಆಚೆ ನಡೆದರು. ಸ್ವಂತ ಜಾತಿಯ ಬಲವಿಲ್ಲದ ನಾಯಕ ಒಂಟಿಯಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಆ ತಿಂಗಳಲ್ಲೇ ಅಧಿಕಾರ ಬಿಟ್ಟರು.

1982ರ ಜೂನ್ 6ರಂದು ಅರಸರು ತೀರಿಕೊಂಡರು. ಆಗ ಅವರಿಗೆ 66 ವರ್ಷ. ಅವರ ಆಡಳಿತದಲ್ಲಿ, 1977ರಲ್ಲಿ, ಶುರುವಾದ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೆ ಈಗ ಅವರದೇ ಹೆಸರಿದೆ. ಆಗಸ್ಟ್ 20ರಂದು ಪ್ರತಿವರ್ಷ ಸರ್ಕಾರ ಅರಸು ಜಯಂತಿ ಆಚರಿಸುತ್ತದೆ. ಬೆಟ್ಟದಿಂದ ಇಳಿದು ಹುಣಸೂರಿನ ಮೇಲೆ ಮೈಸೂರಿಗೆ ಹೋಗುವ ಭಕ್ತಾದಿಗಳು ಕಲ್ಲಹಳ್ಳಿಗೂ ಹೋಗಿಬರಬಹುದು.