ನಡಿಗೆಯ ಮರ್ಮ ಬಲ್ಲ ವೈದ್ಯ: ಆಂಬ್ರ್ವಾಸ್ ಪಾರೆ

ಕ್ಷೌರದ ಕತ್ತಿಯನ್ನೂ ಶಸ್ತ್ರವೈದ್ಯದ ಕತ್ತಿಯನ್ನೂ ಒಂದೇ ಕೈ ಹಿಡಿಯುತ್ತಿದ್ದ ಕಾಲವೊಂದು ಯೂರೋಪಿನಲ್ಲಿತ್ತು. ಲ್ಯಾಟಿನ್ ಬಲ್ಲ ವೈದ್ಯಪಂಡಿತರು ಗ್ರಂಥವನ್ನು ನೋಡಿ ಔಷಧಿ ಹೇಳುವರು. ಕೈಗೆ ರಕ್ತ ಹತ್ತುವ ಕೆಲಸವೆಲ್ಲ ಕ್ಷೌರಿಕರ ಪಾಲು. ಅಂಥ ಸಾಲಿನಿಂದ ಬಂದು ಫ್ರಾನ್ಸಿನ ನಾಲ್ವರು ದೊರೆಗಳಿಗೆ ಶಸ್ತ್ರವೈದ್ಯನಾದವನು ಆಂಬ್ರ್ವಾಸ್ ಪಾರೆ. ಅವನ ಕೀರ್ತಿಗೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು, ಕಾಲು ಕಳೆದುಕೊಂಡವನು ಮತ್ತೆ ನಡೆಯುವಂತೆ ಮಾಡಲು ಅವನು ಪಟ್ಟ ಶ್ರಮ.

ಪಾರೆ ಹುಟ್ಟಿದ್ದು ಸುಮಾರು 1510ರಲ್ಲಿ, ಲಾವಾಲ್ ಪಟ್ಟಣದ ಸಮೀಪದಲ್ಲಿ. ಪ್ಯಾರಿಸಿನ ಓತೆಲ್ ದ್ಯು ಆಸ್ಪತ್ರೆಯಲ್ಲಿ ಕೆಲಸ ಕಲಿತು ಸೈನ್ಯದೊಡನೆ ಇಟಲಿಯ ಕಡೆಗೆ ಹೊರಟನು. ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆಯನ್ನು ಹೊಯ್ಯುವುದು ಅಂದಿನ ಪದ್ಧತಿ. ಒಂದು ದಿನ ಎಣ್ಣೆ ತೀರಿತು. ಮೊಟ್ಟೆಯ ಹಳದಿ, ಗುಲಾಬಿ ತೈಲ, ಟರ್ಪೆಂಟೈನುಗಳನ್ನು ಕಲಸಿ ಹಚ್ಚಿದನು. ಅಳುಕಿನಿಂದ ರಾತ್ರಿಯೆಲ್ಲ ಅವನಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಎಣ್ಣೆ ಹೊಯ್ಯಿಸಿಕೊಂಡವರು ಜ್ವರದಲ್ಲಿ ನರಳುತ್ತಿದ್ದಾರೆ, ಉಳಿದವರು ನೆಮ್ಮದಿಯಾಗಿದ್ದಾರೆ! ಈ ಅನುಭವವನ್ನು 1545ರಲ್ಲಿ ಗ್ರಂಥರೂಪಕ್ಕೆ ತಂದನು. ಬರೆದದ್ದು ಲ್ಯಾಟಿನಿನಲ್ಲಲ್ಲ, ಜನ ಆಡುವ ಫ್ರೆಂಚಿನಲ್ಲಿ.

ಕಾಲು ಕತ್ತರಿಸಿದ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ರಕ್ತವನ್ನು ನಿಲ್ಲಿಸುವುದು ಇನ್ನೊಂದು ಕ್ರೂರ ರೂಢಿ. 1552ರಲ್ಲಿ ದಾಂವಿಲಿಯೇ ಕೋಟೆಯ ಮುತ್ತಿಗೆಯಲ್ಲಿ ಫಿರಂಗಿಯ ಗುಂಡಿಗೆ ಕಾಲು ಜಜ್ಜಿಹೋದ ಒಬ್ಬನನ್ನು ಪಾರೆಯ ಬಳಿಗೆ ತಂದರು. ಪಾರೆ ಕಾಲನ್ನು ಕತ್ತರಿಸಿದನು, ಆದರೆ ಸುಡಲಿಲ್ಲ. ರಕ್ತನಾಳಗಳನ್ನು ಹಿಡಿದು ದಾರದಿಂದ ಕಟ್ಟಿದನು. ಸುಡಿಸಿಕೊಳ್ಳದೆ ಪಾರಾದೆನೆಂಬ ಸಂತೋಷದಿಂದ ಆ ರೋಗಿ ಮರದ ಕಾಲನ್ನು ಕಟ್ಟಿಕೊಂಡು ಊರಿಗೆ ಮರಳಿದನು.

ಪ್ರಾಣ ಉಳಿದರೆ ಸಾಕೆಂಬುದು ಇತರರ ಎಣಿಕೆ. ಉಳಿದವನು ನಾಳೆ ಹೇಗೆ ನಡೆದಾನು ಎಂಬುದು ಪಾರೆಯ ಚಿಂತೆ. ಕೊಳೆತದ್ದು ಪಾದವೊಂದೇ ಆದರೂ ಮಂಡಿಯಿಂದ ಐದು ಬೆರಳಗಲ ಕೆಳಗೆ ಕತ್ತರಿಸಬೇಕೆಂದು ಅವನು ವಿಧಿಸಿದನು. ಮೇಲುನೋಟಕ್ಕೆ ಇದು ನಿಷ್ಕರುಣೆ. ಆದರೆ ಅಂದಿನ ಮರದ ಕಾಲಿನ ಮೇಲೆ ಮಂಡಿಯನ್ನು ಮಡಚಿ ಊರಿ ನಿಲ್ಲಬೇಕಾಗಿತ್ತು. ಮೋಟು ಉದ್ದವಾದಷ್ಟೂ ಅದು ಹಿಂದಕ್ಕೆ ಚಾಚಿಕೊಂಡು ಎಲ್ಲೆಡೆ ತಗಲುವುದು. ಎರಡು ಕಾಲಿನವನು ಮೂರು ಕಾಲಿನವನಾಗುವನು. ಕತ್ತಿ ಎಲ್ಲಿ ತಾಗಬೇಕೆಂಬುದನ್ನು ಮುಂದಿನ ನಡಿಗೆಯೇ ನಿರ್ಧರಿಸಿತು.

1561ರಲ್ಲಿ ವೈದ್ಯನೇ ರೋಗಿಯಾದನು. ಕುದುರೆಯ ಒದೆತಕ್ಕೆ ಅವನ ಕಾಲಿನ ಎರಡು ಎಲುಬುಗಳೂ ಪಾದದ ಕೀಲಿನ ಮೇಲೆ ಮುರಿದು ಚರ್ಮವನ್ನು ಸೀಳಿ ಹೊರಬಂದವು. ಇಂಥ ಗಾಯದ ಕೊನೆ ಏನೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಕಾಲನ್ನೋ ಪ್ರಾಣವನ್ನೋ ಕಳೆದುಕೊಳ್ಳಬೇಕೆಂದು ಅಂಜಿದನು. ಅದೃಷ್ಟವಶಾತ್ ಎರಡೂ ಉಳಿದವು, ಕುಂಟದೆ ನಡೆದನು.

ಮೂರು ವರ್ಷಗಳ ಮೇಲೆ, 1564ರಲ್ಲಿ, ಅವನ ಶಸ್ತ್ರವೈದ್ಯದ ಹತ್ತು ಭಾಗಗಳ ಗ್ರಂಥ ಹೊರಬಂದಿತು. ಅದರಲ್ಲಿ ಕೃತಕ ಕಾಲುಗಳ ಚಿತ್ರಗಳಿವೆ. ಒಂದು ಸಿರಿವಂತ ಯೋಧನದು: ಕಬ್ಬಿಣದ ಕವಚದಂಥ ಕಾಲು, ದಾರವನ್ನೆಳೆದರೆ ಬಿಚ್ಚಿಕೊಳ್ಳುವ ಮಂಡಿಯ ಅಗುಳಿ. ಇನ್ನೊಂದು ಬಡವನದು: ನೆಟ್ಟಗಿನ ಮರದ ಕಂಬ, ಮಂಡಿ ಊರಲು ಮೆತ್ತೆ, ತೊಡೆಯ ಇಕ್ಕೆಲದಲ್ಲಿ ಆಸರೆ, ಬಿಗಿಯಲು ತೊಗಲಿನ ಪಟ್ಟಿಗಳು, ಸೊಂಟದ ಪಟ್ಟಿಗೆ ಕಟ್ಟಲು ಒಂದು ಬಾರು. ದೊರೆಗಳ ವೈದ್ಯ ಈ ಬಡವನ ಕಾಲನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಬಿಡಿಯಾಗಿ ವಿವರಿಸಿದ್ದಾನೆ.

ಆ ಕಾಲಿಗೆ ಮಿತಿಯೂ ಇತ್ತು. ಉಳಿದ ಮಂಡಿ ಮಡಚಿಕೊಂಡೇ ಇದ್ದು ನಡಿಗೆಗೆ ಒದಗುತ್ತಿರಲಿಲ್ಲ. 1696ರಲ್ಲಿ ಆಮ್‌ಸ್ಟರ್‌ಡಾಮಿನ ಪೀಟರ್ ವೆರ್ಡುಯ್ನ್, ತೊಡೆಗೆ ತೊಗಲಿನ ಕವಚವನ್ನು ಕಟ್ಟಿ ಪಕ್ಕದಲ್ಲಿ ಕೀಲುಗಳನ್ನಿಟ್ಟು, ಮಂಡಿಗೆ ಬಿಡುಗಡೆ ಕೊಟ್ಟನು. ಇಂದು ಮೋಟಿನ ಅಚ್ಚು ತೆಗೆದು, ಅದಕ್ಕೆ ಒಪ್ಪುವ ಗೂಡನ್ನು ಮಾಡುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುಬಂಧದಂಥ ಭಾರ ತಾಳುವ ಎಡೆಗಳಲ್ಲಿ ಒತ್ತು ಕೊಟ್ಟು, ಎಲುಬಿನ ನೋಯುವ ತುದಿಗಳಿಗೆ ತೆರಪು ಬಿಡುತ್ತಾರೆ. ಬಳಿಕ ರೋಗಿಯನ್ನು ನಿಲ್ಲಿಸಿ ಸೊಂಟ ಸಮಮಟ್ಟದಲ್ಲಿದೆಯೇ ಎಂದು ನೋಡಿ, ನಡೆಸಿ ಪರೀಕ್ಷಿಸುತ್ತಾರೆ. ಕೃತಕ ಪಾದ ತುಸು ಮುಂದೆ ಸರಿದಿದ್ದರೆ ಮಂಡಿ ಹಿಂದಕ್ಕೆ ಒತ್ತಲ್ಪಡುತ್ತದೆ. ಹಿಂದೆ ಸರಿದಿದ್ದರೆ ಮುಂದಕ್ಕೆ ಕುಸಿಯುತ್ತದೆ. ಈಗ ಮಂಡಿಯ ಕೆಳಗೆ ಉಳಿಸಬಹುದಾದಷ್ಟು ಕಾಲನ್ನು ಉಳಿಸುವುದೇ ಹಿತವೆಂದು ತಿಳಿದಿದೆ. ಪಾರೆಯ ಐದು ಬೆರಳಿನ ಲೆಕ್ಕ ಹಳತಾಯಿತು. ಕತ್ತರಿಸುವ ಮುನ್ನ ನಡಿಗೆಯನ್ನು ನೆನೆಯಬೇಕೆಂಬ ಅವನ ನಿಯಮ ಹಳತಾಗಲಿಲ್ಲ.

1575ರಲ್ಲಿ ಪಾರೆಯ ಸಮಗ್ರ ಕೃತಿಗಳು ಒಂದೇ ಸಂಪುಟದಲ್ಲಿ ಬಂದಾಗ ಪ್ಯಾರಿಸಿನ ವೈದ್ಯಪಂಡಿತರು ಸಿಡಿದೆದ್ದರು. ಲ್ಯಾಟಿನ್ ಅರಿಯದ ಕ್ಷೌರಿಕನು ದೇಶಭಾಷೆಯಲ್ಲಿ ವೈದ್ಯಶಾಸ್ತ್ರ ಬರೆಯುವುದೆಂದರೇನು! ಪಾರೆ ಜಗ್ಗಲಿಲ್ಲ. ಕತ್ತಿ ಹಿಡಿಯುವ ತರುಣರು ಓದಬಲ್ಲ ಭಾಷೆ ಅದೊಂದೇ ಎಂಬುದನ್ನು ಅವನು ಸ್ವಾನುಭವದಿಂದ ಬಲ್ಲವನಾಗಿದ್ದನು. 1590ರ ಡಿಸೆಂಬರ್ 20ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ದಾಂವಿಲಿಯೇಯಿಂದ ಮರದ ಕಾಲಿನಲ್ಲಿ ಮನೆ ಸೇರಿದ ಆ ಅನಾಮಧೇಯನ ಸಂತೋಷವನ್ನು ವೃದ್ಧಾಪ್ಯದಲ್ಲಿಯೂ ನೆನೆದು ಬರೆದಿಟ್ಟದ್ದರಿಂದಲೇ ಅದು ನಮಗಿಂದು ತಿಳಿದಿದೆ.