ಏಡಿಗಳನ್ನು ಅಳೆದ ವಿಜ್ಞಾನಿ

ಜೀವಿಗಳ ಅಧ್ಯಯನಕ್ಕೆ ಸಂಖ್ಯಾಶಾಸ್ತ್ರವನ್ನು ಅಳವಡಿಸಿದ ಮೊದಲಿಗರಲ್ಲಿ ಡಬ್ಲ್ಯು. ಎಫ್. ಆರ್. ವೆಲ್ಡನ್ನನ ಹೆಸರು ಪ್ರಸಿದ್ಧವಾದುದು. ಅವನು 1860ರ ಮಾರ್ಚ್ 15ರಂದು ಲಂಡನ್ನಿನಲ್ಲಿ ಜನಿಸಿದನು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದನು. ಅಂದಿನ ಇತರ ಪ್ರಾಣಿಶಾಸ್ತ್ರಜ್ಞರಂತೆ ಅವನೂ ಜೀವಿಗಳ ದೇಹರಚನೆಯನ್ನೂ ಭ್ರೂಣದ ಬೆಳವಣಿಗೆಯನ್ನೂ ಪರಿಶೀಲಿಸುತ್ತಿದ್ದನು.

ಬದುಕಿಗೆ ಅನುಕೂಲವಾದ ಸಣ್ಣಪುಟ್ಟ ವ್ಯತ್ಯಾಸಗಳುಳ್ಳ ಜೀವಿಗಳು ಉಳಿದುಕೊಳ್ಳುತ್ತವೆಂದು ಡಾರ್ವಿನ್ 1859ರಲ್ಲಿ ಸಾರಿದ್ದನು. ಆದರೆ ಈ ತತ್ತ್ವವನ್ನು ಅಳತೆಯಿಂದ ತೋರಿಸುವ ಬಗೆ ಹೇಗೆ? 1889ರಲ್ಲಿ ಪ್ರಕಟವಾದ ಗಾಲ್ಟನ್ನನ ಗ್ರಂಥವೊಂದು ವೆಲ್ಡನ್ನನಿಗೆ ದಾರಿ ತೋರಿತು. ತಂದೆತಾಯಿಗಳ ಹಾಗೂ ಮಕ್ಕಳ ಎತ್ತರವನ್ನು ಅಳೆದು ಗಾಲ್ಟನ್ ಅದರಲ್ಲಿ ಅನುವಂಶೀಯತೆಯನ್ನು ಚರ್ಚಿಸಿದ್ದನು. ಅದೇ ವಿಧಾನವನ್ನು ಪ್ರಾಣಿಗಳಿಗೂ ಅನ್ವಯಿಸಬೇಕೆಂದು ವೆಲ್ಡನ್ ನಿಶ್ಚಯಿಸಿದನು.

ಅಳತೆಗಳ ರಾಶಿಯಿಂದ ಸತ್ಯವನ್ನು ಹೊರತೆಗೆಯಲು ಗಣಿತದ ಅರಿವು ಅಗತ್ಯ. ಪ್ರಾಣಿಶಾಸ್ತ್ರದಲ್ಲಿ ಆಗಲೇ ಹೆಸರು ಗಳಿಸಿದ್ದ ವೆಲ್ಡನ್, ಸುಮಾರು ಮೂವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದನು. ಸಂಭಾವ್ಯತೆಯನ್ನು ಕುರಿತ ಫ್ರೆಂಚ್ ಗಣಿತಜ್ಞರ ಗ್ರಂಥಗಳನ್ನು ತಾನೇ ಓದಿ ಕಲಿತನು. ಇಟಲಿಯ ನೇಪಲ್ಸ್ ಮತ್ತು ಇಂಗ್ಲೆಂಡಿನ ಪ್ಲಿಮತ್‌ಗಳಿಂದ ತಲಾ 1000 ಏಡಿಗಳನ್ನು ಸಂಗ್ರಹಿಸಿ ಅಳೆದನು. ಈ ಶ್ರಮದಲ್ಲಿ ಪತ್ನಿ ಫ್ಲಾರೆನ್ಸ್ ಅವನಿಗೆ ನೆರವಾದಳು. ನೇಪಲ್ಸಿನ ಏಡಿಗಳ ಹಣೆಯ ಅಗಲ ಮಾತ್ರ ನಿರೀಕ್ಷಿತ ನಿಯಮಕ್ಕೆ ಒಳಪಡಲಿಲ್ಲ. ವೆಲ್ಡನ್ ಈ ತೊಡಕನ್ನು ಸಹೋದ್ಯೋಗಿಯಾದ ಗಣಿತಜ್ಞ ಕಾರ್ಲ್ ಪಿಯರ್ಸನ್ನನ ಮುಂದಿಟ್ಟನು. ಅಲ್ಲಿ ಎರಡು ಬಗೆಯ ಏಡಿಗಳು ಬೆರೆತಿರಬಹುದೆಂದು ಪಿಯರ್ಸನ್ ಲೆಕ್ಕದಿಂದ ತೋರಿಸಿದನು. ಈ ಪ್ರಶ್ನೆಗಳೇ ಆಧುನಿಕ ಸಂಖ್ಯಾಶಾಸ್ತ್ರದ ಬೆಳವಣಿಗೆಗೆ ಪ್ರೇರಣೆಯಾದವು.

ಪ್ಲಿಮತ್ ಬಂದರಿನ ಅಲೆತಡೆಯ ಒಳಗೆ ನೀರು ಕೆಸರಾಗುತ್ತಿತ್ತು. ವರ್ಷ ಕಳೆದಂತೆ ಅಲ್ಲಿನ ಏಡಿಗಳ ಹಣೆ ಕಿರಿದಾಗುತ್ತಿತ್ತು. ಕಾರಣವನ್ನು ಅರಿಯಲು ವೆಲ್ಡನ್ ನುಣುಪಾದ ಜೇಡಿಮಣ್ಣು ಬೆರೆಸಿದ ನೀರಿನಲ್ಲಿ ಏಡಿಗಳನ್ನು ಇರಿಸಿದನು. ಸತ್ತವುಗಳ ಹಣೆ ಸರಾಸರಿಯಲ್ಲಿ ಉಳಿದವುಗಳಿಗಿಂತ ಅಗಲವಾಗಿತ್ತು. ನಿಸರ್ಗದ ಆಯ್ಕೆಯನ್ನು ಅಂಕಿಗಳಲ್ಲಿ ಕಾಣಿಸುವ ಈ ಪ್ರಯತ್ನವನ್ನು ಅವನು 1898ರಲ್ಲಿ ವಿದ್ವಾಂಸರ ಮುಂದೆ ನಿವೇದಿಸಿದನು. ಆಕ್ಷೇಪಣೆಗಳು ಬಂದರೂ ಅವನು ಎದೆಗುಂದಲಿಲ್ಲ. 1901ರಲ್ಲಿ ಪಿಯರ್ಸನ್ ಮತ್ತು ಗಾಲ್ಟನ್‌ರೊಡನೆ 'ಬಯೋಮೆಟ್ರಿಕ' ಎಂಬ ಪತ್ರಿಕೆಯನ್ನು ಸ್ಥಾಪಿಸಿದನು.

ವೆಲ್ಡನ್ 1906ರ ಏಪ್ರಿಲ್ 13ರಂದು ನ್ಯುಮೋನಿಯಾದಿಂದ ನಿಧನನಾದನು. ಆಗ ಅವನ ವಯಸ್ಸು ಕೇವಲ ನಲವತ್ತಾರು. ಅವನು ದಿನಗಟ್ಟಲೆ ಮಾಡುತ್ತಿದ್ದ ಲೆಕ್ಕವನ್ನು ಇಂದು ಗಣಕಯಂತ್ರವು ಕ್ಷಣದಲ್ಲಿ ಮುಗಿಸುತ್ತದೆ. ಆದರೂ ಆ ಯಂತ್ರಕ್ಕೆ ಯಾವ ಪ್ರಶ್ನೆ ಕೇಳಬೇಕು, ಅದರ ಉತ್ತರವನ್ನು ಎಷ್ಟು ನಂಬಬೇಕು ಎಂಬುದನ್ನು ಜೀವವಿಜ್ಞಾನಿಯೇ ಅರಿತಿರಬೇಕು. ಅದಕ್ಕಾಗಿ ಅವನು ಅಂಕಿಗಳ ಭಾಷೆಯನ್ನು ವೆಲ್ಡನ್ನನಂತೆ ತಾನೇ ಕಲಿಯಬೇಕಾಗುತ್ತದೆ.