ಫ್ಯಾರಡೆ ಮಹಾಶಯನೂ ನಮ್ಮ ಉಕ್ಕೂ

ಮೈಕೇಲ್ ಫ್ಯಾರಡೆಯ ಹೆಸರನ್ನು ಕೇಳದ ವಿದ್ಯಾವಂತರು ವಿರಳ. 1831ರಲ್ಲಿ ಆತನು ಅಯಸ್ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ಪ್ರವಾಹವನ್ನು ಹುಟ್ಟಿಸಿದ ಸಂಗತಿಯು ಶಾಲೆಯ ಬಾಲಕರಿಗೂ ಪರಿಚಿತವಾದುದು. ಆದರೆ ಅದಕ್ಕೂ ಮೊದಲು ಆತನು ಕೆಲವು ವರ್ಷಗಳ ಕಾಲ ಕುಲುಮೆಯ ಮುಂದೆ ನಿಂತು ಉಕ್ಕಿನ ಗುಟ್ಟನ್ನು ಅರಸಿದನೆಂಬುದೂ, ಈ ಅನ್ವೇಷಣೆಗೆ ಪ್ರೇರಕವಾದುದು ನಮ್ಮ ದೇಶದ ಕಮ್ಮಾರರು ಮಣ್ಣಿನ ಮೂಸೆಯಲ್ಲಿ ಕಾಯಿಸಿದ ಉಕ್ಕೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತನ ಚರಿತ್ರೆಯನ್ನು ಬರೆದವರಲ್ಲಿ ಹಲವರು ಈ ಭಾಗವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ನಾವು ಹಾಗೆ ದಾಟಿಹೋಗಲು ಕಾರಣವಿಲ್ಲ.

ಫ್ಯಾರಡೆಯು 1791ನೆಯ ಸೆಪ್ಟೆಂಬರ್ 22ರಂದು ಲಂಡನ್ನಿನ ದಕ್ಷಿಣಕ್ಕಿರುವ ನ್ಯೂಯಿಂಗ್ಟನ್ನಿನಲ್ಲಿ ಜನಿಸಿದನು. ತಂದೆ ಕಮ್ಮಾರ; ಮನೆಯಲ್ಲಿ ಕಡುಬಡತನ. ಓದುಬರಹಗಳಿಗಿಂತ ಹೆಚ್ಚಿನ ಶಿಕ್ಷಣವು ಬಾಲಕನಿಗೆ ದೊರೆಯಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಈತನು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿಯನ್ನು ಕಂಡನು. 1812ರಲ್ಲಿ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಅವುಗಳ ಸಾರವನ್ನು ಅಂದವಾಗಿ ಬರೆದು, ತಾನೇ ರಟ್ಟು ಕಟ್ಟಿ ಆ ಪಂಡಿತನಿಗೆ ಕಳುಹಿಸಿದನು. ಮರುವರ್ಷ ಮಾರ್ಚಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನ ಸ್ಥಾನವು ಲಭಿಸಿತು.

ಆ ಕಾಲಕ್ಕೆ ಲಂಡನ್ನಿನ ವಿದ್ವಾಂಸರ ಕುತೂಹಲವನ್ನು ಕೆರಳಿಸಿದ್ದ ಪದಾರ್ಥಗಳಲ್ಲಿ ಹಿಂದೂಸ್ಥಾನದ ‘ವೂಟ್ಸ್’ ಒಂದು. ಇದು ನಮ್ಮ ‘ಉಕ್ಕು’ ಎಂಬ ಶಬ್ದವೇ ಆಂಗ್ಲರ ಬಾಯಲ್ಲಿ ಕೆಟ್ಟು ಆದ ರೂಪವೆಂದು ಬಹುಮಂದಿ ವಿದ್ವಾಂಸರ ಮತ. ಬೊಂಬಾಯಿಯಿಂದ ಡಾಕ್ಟರ್ ಸ್ಕಾಟ್ ಎಂಬಾತನು ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಇದರ ಬಿಲ್ಲೆಗಳನ್ನು ಕಳುಹಿಸಿದ್ದನು. ಅವು ಸುಮಾರು 5 ಅಂಗುಲ ಅಗಲವೂ 1 ಅಂಗುಲ ದಪ್ಪವೂ ಇದ್ದು, ಒಂದೊಂದೂ 2 ಪೌಂಡಿಗೆ ಮೀರಿದ ತೂಕದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಇವುಗಳ ಪರೀಕ್ಷೆಯ ವರದಿಯನ್ನು ಆ ಸಭೆಯ ಮುಂದಿಟ್ಟನು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ನನು ಇಂತಹ ಉಕ್ಕನ್ನು ಮಾಡುವ ಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಮೆದುಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಡನೆ ಮೂಸೆಯಲ್ಲಿಟ್ಟು, ಬಾಯನ್ನು ಜೇಡಿಮಣ್ಣಿನಿಂದ ಮುಚ್ಚಿ, ಇದ್ದಲಿನ ಬೆಂಕಿಯಲ್ಲಿ ತಿದಿಯೂದಿ ಕಾಯಿಸುವುದೇ ಆ ಕ್ರಮ. ಕಡ್ಡಿಯು ಕರಿಯಾಗಿ ಅದರ ಇಂಗಾಲವು ಕಬ್ಬಿಣದೊಳಕ್ಕೆ ಸೇರುವುದು.

ಈ ಬಿಲ್ಲೆಗಳು ಆಂಗ್ಲ ಕಮ್ಮಾರರ ಕೈಗೆ ಸಿಕ್ಕಾಗ ಒಂದು ವಿಚಿತ್ರ ನಡೆಯಿತು. ಅವರು ತಮ್ಮ ಕಬ್ಬಿಣವನ್ನು ಕಾಯಿಸುವಂತೆಯೇ ಇದನ್ನೂ ಬಿಳಿಗಾವಿಗೆ ತಂದು ಬಡಿದರೆ, ಅದು ಸುತ್ತಿಗೆಯ ಕೆಳಗೆ ಒಣಗಿದ ಬೆಲ್ಲದಂತೆ ಪುಡಿಯಾಗುತ್ತಿತ್ತು. ಕಾರಣವು ಇಂದು ಸ್ಪಷ್ಟವಾಗಿದೆ. ಮೆದುಕಬ್ಬಿಣದಲ್ಲಿ ಇಂಗಾಲವು ನೂರಕ್ಕೆ 0.1ರಷ್ಟೂ ಇರದು, ನಮ್ಮ ಮೂಸೆಯುಕ್ಕಿನಲ್ಲಿ ಅದು ಸುಮಾರು ಒಂದೂವರೆ ಭಾಗ. ಇಂಗಾಲವು ಹೆಚ್ಚಿದಷ್ಟೂ ಲೋಹವು ಕಡಮೆ ಕಾವಿಗೇ ಕರಗತೊಡಗುತ್ತದೆ. ಬಿಳಿಗಾವಿನಲ್ಲಿ ಅದರ ಕಣಗಳ ನಡುವಣ ಅಂಚುಗಳು ಕರಗಿಹೋಗುವುದರಿಂದ ಒಂದು ಕಣವು ಇನ್ನೊಂದನ್ನು ಹಿಡಿದುಕೊಳ್ಳಲಾರದು. ಅದೇ ಉಕ್ಕನ್ನು ಮಂದ ಕೆಂಪುಗಾವಿನಲ್ಲಿ, ಅಂದರೆ 850 ಸೆಂಟಿಗ್ರೇಡ್ ಡಿಗ್ರಿಯ ಒಳಗೆ, ತಾಳ್ಮೆಯಿಂದ ಮೆಲ್ಲಮೆಲ್ಲನೆ ಬಡಿದರೆ, ಕಬ್ಬಿಣವೂ ಇಂಗಾಲವೂ ಕೂಡಿದ ಪೆಡಸಾದ ಜಾಲವು ಒಡೆದು ಸಣ್ಣ ಹರಳುಗಳಾಗಿ ಮೆದು ಲೋಹದ ನಡುವೆ ಸಾಲುಗಟ್ಟುವುದು. ಹರಳುಗಳಿಂದ ಅಲಗಿಗೆ ಹರಿತ. ಮೆದು ಭಾಗದಿಂದ ಕತ್ತಿಗೆ ಮುರಿಯದೆ ಬಾಗುವ ಗುಣ. ಡಮಾಸ್ಕಸ್ ಕತ್ತಿಗಳ ಮೇಲಿನ ನೀರಲೆಯಂತಹ ಗೆರೆಗಳು ಈ ಸಾಲುಗಳೇ. ಕಾವಿನ ಬಣ್ಣವನ್ನು ಕಣ್ಣಿನಿಂದಲೇ ಅಳೆಯುತ್ತಿದ್ದ ನಮ್ಮ ಕಮ್ಮಾರನಿಗೂ ಪಾರಸಿಕ ಕಮ್ಮಾರನಿಗೂ ಈ ಹದವು ಗೊತ್ತಿದ್ದಿತು. ಹೇಳಲು ಶಾಸ್ತ್ರವಿರಲಿಲ್ಲ, ಅಷ್ಟೆ.

ಲಂಡನ್ನಿನಲ್ಲಿ ಈ ಹದವನ್ನು ಅರಿತವನು ಜೇಮ್ಸ್ ಸ್ಟೋಡಾರ್ಟ್. ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಈತನು, ಯೂರೋಪಿನ ಉತ್ತಮ ಉಕ್ಕಿಗಿಂತಲೂ ಹಿಂದೂಸ್ಥಾನದ ಉಕ್ಕೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚುಮಾಡಿಸಿದ್ದನು. ಕಮ್ಮಾರನ ಮಗನಾದ ಫ್ಯಾರಡೆಯು ಈತನೊಡನೆ ಸೇರಿದುದು ಸಹಜವೇ. 1819ರಲ್ಲಿ ಫ್ಯಾರಡೆಯು ವೂಟ್ಸಿನ ಪೃಥಕ್ಕರಣವನ್ನು ಪ್ರಕಟಿಸಿದನು. ಅದೇ ವರ್ಷ ವೇಲ್ಸಿನಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡಿ ಡೌಲೈಸಿನ ದೊಡ್ಡ ಕಬ್ಬಿಣದ ಕಾರ್ಖಾನೆಯನ್ನೂ ನೋಡಿಬಂದನು.

ಪೃಥಕ್ಕರಣದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಅಲ್ಯೂಮಿನಿಯಂ ಧಾತುವಿನ ಅಂಶವು ಕಾಣಿಸಿತು. ಆಂಗ್ಲರ ಉಕ್ಕಿನಲ್ಲಿ ಅದು ಕಾಣಲಿಲ್ಲ. ಆದುದರಿಂದ ವೂಟ್ಸಿನ ಗುಣಕ್ಕೆ ಅದೇ ಕಾರಣವೆಂದು ಫ್ಯಾರಡೆಯು ನಿಶ್ಚಯಿಸಿ, ಆ ಧಾತುವನ್ನು ಉಕ್ಕಿಗೆ ಬೆರೆಸಿ ಕರಗಿಸಿದನು. ಬಂದ ಲೋಹವನ್ನು ಬಡಿದು ಆಮ್ಲದಲ್ಲಿ ತೊಳೆದಾಗ ವೂಟ್ಸಿನಂತೆಯೇ ಗೆರೆಗಳು ಮೂಡಿದುವು. ತೀರ್ಮಾನವು ತಪ್ಪು, ಗೆರೆಗಳನ್ನು ತಂದುದು ಇಂಗಾಲ. ಪ್ಯಾರಿಸಿನ ಟಂಕಸಾಲೆಯ ಬ್ರೆಯಾನ್ ಎಂಬಾತನು ಇದೇ ಪ್ರಯೋಗಗಳಿಂದ ಹುರಿದುಂಬಿ, 1823ರ ವೇಳೆಗೆ ಇಂಗಾಲದ ಆಧಿಕ್ಯವೇ ಮೂಲವೆಂದು ಸಾರಿದನು. ಆದರೂ ಫ್ಯಾರಡೆಯ ಊಹೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಸಾವಿರಕ್ಕೆ ಒಂದು ಭಾಗಕ್ಕಿಂತಲೂ ಕಡಮೆಯಿರುವ ವೆನೇಡಿಯಂ ಮುಂತಾದ ಧಾತುಗಳು ಹರಳುಗಳನ್ನು ಸಾಲುಗೊಳಿಸಲು ನೆರವಾಗುತ್ತವೆಂದು 1990ರ ದಶಕದಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿದರು. ಸೂಕ್ಷ್ಮವಾದ ಬೆರಕೆಯಿಂದ ಉಕ್ಕಿನ ನಡತೆಯೇ ಬದಲಾಗುವುದೆಂಬ ಮೂಲಭಾವನೆಯು ಆತನದು ಸರಿಯಾಗಿಯೇ ಇದ್ದಿತು.

ಆ ಭಾವನೆಯನ್ನೇ ಹಿಡಿದು ಆತನು ಮುಂದುವರಿದನು. ಬೆಳ್ಳಿ, ಪ್ಲಾಟಿನಂ, ರೋಡಿಯಂ, ನಿಕ್ಕಲ್, ಕ್ರೋಮಿಯಂ—ಒಂದೊಂದನ್ನೂ ಉಕ್ಕಿನೊಡನೆ ಕರಗಿಸಿ ನೋಡಿದನು. ಬೆಳ್ಳಿಯು ಉಕ್ಕಿನೊಡನೆ ಸುಲಭವಾಗಿ ಬೆರೆಯಲೊಲ್ಲದು. ಆರುವಾಗ ಬೆವರಿನ ಹನಿಗಳಂತೆ ಹೊರಕ್ಕೆ ಬರುವುದು. 500ರಲ್ಲಿ 1 ಪಾಲಿನಷ್ಟು ಮಾತ್ರವೇ ಒಳಗೆ ನಿಲ್ಲುವುದೆಂದು ಕಂಡನು. ರೋಡಿಯಂ ಸೇರಿದ ಉಕ್ಕಿನ ಕ್ಷೌರದ ಕತ್ತಿಗಳು ಗೆಳೆಯರಿಗೆ ಕಾಣಿಕೆಯಾದುವು. 1820ರಲ್ಲಿಯೂ 1822ರಲ್ಲಿಯೂ ಈ ಪ್ರಯೋಗಗಳು ಇಬ್ಬರ ಹೆಸರಿನಲ್ಲಿ ಪ್ರಕಟವಾದುವು. ದೊಡ್ಡ ಮೂಸೆಗಳಲ್ಲಿ ಮಾಡಿನೋಡಲು ಷೆಫೀಲ್ಡಿಗೂ ವ್ಯವಸ್ಥೆಯಾಯಿತು. ಆದರೆ ರೋಡಿಯಮ್ಮಿನ ಬೆಲೆಯನ್ನು ಕೊಟ್ಟು ಚಾಕು ಕೊಳ್ಳುವವರಾರು? 1823ರಲ್ಲಿ ಸ್ಟೋಡಾರ್ಟನು ತೀರಿಕೊಂಡನು; ಉಕ್ಕಿನ ಕೆಲಸವು ಅಲ್ಲಿಗೆ ನಿಂತಂತಾಯಿತು. ಕ್ರೋಮಿಯಂ ಸೇರಿದ ಉಕ್ಕು ತುಕ್ಕುಹಿಡಿಯದ ಉಕ್ಕಾಗಿ ಷೆಫೀಲ್ಡಿನಲ್ಲಿ ಮೈದಳೆಯಲು 1913ರವರೆಗೆ ಕಾಯಬೇಕಾಯಿತು.

ಮುಂದಿನ ಜೀವನವು ಎಲ್ಲರಿಗೂ ತಿಳಿದುದು. ವಿದ್ಯುತ್ತಿನ ಸಂಶೋಧನೆಯಿಂದ ಜಗದ್ವಿಖ್ಯಾತನಾದರೂ ಆತನು ಪದವಿಗಳಿಗೆ ಕೈಯೊಡ್ಡಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದನು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ಕಾಲವಶನಾದನು. ಹಿಂದೂಸ್ಥಾನದ ಕಮ್ಮಾರನ ಋಣವನ್ನು ಆತನು ತನ್ನ ಲೇಖನಗಳಲ್ಲಿ ಮುಚ್ಚಿಡಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಇತ್ತ ಆ ಕಮ್ಮಾರನ ಗತಿಯೇನಾಯಿತು? 1856ರಲ್ಲಿ ಬೆಸೆಮರನು ಪ್ರಕಟಿಸಿದ ವಿಧಾನದಿಂದ ವಿಲಾಯಿತಿಯ ಉಕ್ಕು ಅಗ್ಗವಾಗಿ ನಮ್ಮ ಸಂತೆಗಳನ್ನು ತುಂಬಿತು. ಕಾಡಿನ ಕಾಯಿದೆಗಳಿಂದ ಇದ್ದಲು ದುರ್ಲಭವಾಯಿತು. ಕತ್ತಿ ಹಿಡಿಯುವ ದೊರೆಗಳೂ ಇಲ್ಲವಾದರು. ಹತ್ತೊಂಬತ್ತನೆಯ ಶತಮಾನವು ಮುಗಿಯುವಷ್ಟರಲ್ಲಿ ಮೂಸೆಯುಕ್ಕಿನ ಕುಲುಮೆಗಳು ಆರಿಹೋದುವು. ಫ್ಯಾರಡೆಯು ಕರಗಿಸಿದ ತುಂಡುಗಳಾದರೋ ಲಂಡನ್ನಿನಲ್ಲಿ ಆತನ ಹೆಸರು ಬರೆದ ಒಂದು ಮರದ ಪೆಟ್ಟಿಗೆಯಲ್ಲಿ ಜೋಪಾನವಾಗಿದ್ದುವು. ಮ್ಯಾಂಗನೀಸ್ ಉಕ್ಕನ್ನು ಕಂಡುಹಿಡಿದ ಸರ್ ರಾಬರ್ಟ್ ಹ್ಯಾಡ್‌ಫೀಲ್ಡನು ಆ 79 ತುಂಡುಗಳನ್ನೂ ಪರೀಕ್ಷಿಸಿ, 1931ರಲ್ಲಿ ಅವುಗಳ ವಿವರವನ್ನು ಪುಸ್ತಕವಾಗಿ ಹೊರತಂದನು. ಮೂಸೆಗೆ ತಂಗಡಿಯ ಕಡ್ಡಿಯನ್ನು ಹಾಕಿದವರ ಒಂದು ಹೆಸರೂ ಯಾವ ಪುಸ್ತಕದಲ್ಲಿಯೂ ದೊರೆಯದು.